ಎಂಟು ಚಿಪ್‌ಗಳು

"ಮೇಡಂ, ನೀವು ಹೇಳಿದ್ದೊಂದು, ಕೊಟ್ಟಿದ್ದೊಂದು," ಎಂದು ಸ್ವೆಟರ್ ಹೆಣಿಗೆ ಕಾರ್ಖಾನೆಯವನು ಕಂಪ್ಯೂಟರಿನ ನೆನಪು ಹಿಡಿಯುವ ಅಂಗೈಯುದ್ದದ ಹಸಿರು ರ‍್ಯಾಮ್ ಒಂದನ್ನು ಮೇಜಿನ ಮೇಲಿಟ್ಟ.

ಹಳೇ ಕಂಪ್ಯೂಟರಿನ ಬಿಡಿಭಾಗ ಮಾರುವ ಅಂಗಡಿಗೆ ಬೆಳಿಗ್ಗೆ ಬೆಳಿಗ್ಗೆಯೇ ಗಿರಾಕಿ ವಾಪಸು ಬಂದರೆ ಅದು ಶುಭಸುದ್ದಿಯಂತೂ ಆಗಿರುವುದಿಲ್ಲ. "ಕೆಲಸ ಮಾಡ್ತಿಲ್ವಾ?" ಎಂದಳು ಅವಳು.

"ಮಾಡ್ತಿದೆ, ಅದೇ ಭಯ. ಚೀಟೀಲಿ ನೂರಿಪ್ಪತ್ತೆಂಟು ಎಂಬಿ ಅಂತಿದೆ, ನನ್ನ ಕಂಪ್ಯೂಟರ್ ಇನ್ನೂರೈವತ್ತಾರು ತೋರಿಸ್ತಿದೆ. ಸುಟ್ಟುಗಿಟ್ಟು ಹೋದ್ರೆ ಹೆಣಿಗೆ ಮಷೀನೆಲ್ಲಾ ನಿಂತುಹೋಗುತ್ತೆ."

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ದುಪ್ಪಟ್ಟು ಸಿಕ್ಕಿತೆಂದು ದೂರು ತಂದ ಗಿರಾಕಿಯನ್ನು ಯಾರು ಕಂಡಿದ್ದಾರೆ? ಆದರೆ ಆ ಚೀಟಿ ಅಂಟಿಸಿದವಳು ಅವಳೇ. ಅದಕ್ಕೂ ಮೊದಲು ಅಲ್ಲಿದ್ದದ್ದು ಮಾವನ ಚೀಟಿ. ಅದರಲ್ಲಿ ಇನ್ನೂರೈವತ್ತಾರು ಎಂದೇ ಇತ್ತು.

ಎರಡು ತಿಂಗಳ ಹಿಂದೆ ಮಾವ ಅಂಗಡಿಯ ಕೀಲಿಯನ್ನು ಬಾಗಿಲಲ್ಲೇ ಬಿಟ್ಟು ಮನೆಗೆ ಬಂದಿದ್ದರು. ಅಂದಿನಿಂದ ಅವಳಿಗೆ ಅವರು ಮುಟ್ಟಿದ್ದೆಲ್ಲ ಅನುಮಾನ. ಬೀಗರ ಮನೆಯಲ್ಲಿ ಕೂತವಳಂತೆ ಸುಮ್ಮನಿದ್ದು, ಅವರಿಲ್ಲದಾಗ ಅವರು ಅಳೆದಿಟ್ಟ ರ‍್ಯಾಮ್‌ಗಳನ್ನು ತಾನೇ ಜೋಡಿಸಿದ ಪರೀಕ್ಷಾ ಯಂತ್ರಕ್ಕೆ ಸಿಕ್ಕಿಸಿ ನೋಡಿದಳು. ಹದಿನೇಳು ತಪ್ಪು! ಹದಿನೇಳರಲ್ಲೂ ಯಂತ್ರ ಅರ್ಧವನ್ನೇ ತೋರಿಸಿತು. ಅವರ ಚೀಟಿ ಕಿತ್ತಳು, ತನ್ನದು ಅಂಟಿಸಿದಳು, ಗಂಡನಿಗೆ ವರದಿ ಒಪ್ಪಿಸಿದಳು. ಇವತ್ತು ಗಂಡ ಅಪ್ಪನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಿದ್ದ. ವಾಪಸು ಬರುವಾಗ ದಾರಿಯಲ್ಲೇ ಹೇಳಿಬಿಡುವುದು ಎಂದಾಗಿತ್ತು: ನಾಳೆಯಿಂದ ಅಂಗಡಿ ಬೇಡ ಅಪ್ಪ, ಆರಾಮಾಗಿ ಮನೆಯಲ್ಲಿರಿ.

ಅವಳು ಭೂತಗನ್ನಡಿ ಹಿಡಿದಳು. "ಚೀಟಿ ಯಾರು ಬೇಕಾದ್ರೂ ಅಂಟಿಸ್ತಾರೆ, ನೀನು ಚಿಪ್ ಓದಮ್ಮಾ," ಎಂದು ಮದುವೆಯಾದ ಹೊಸದರಲ್ಲಿ ಕಲಿಸಿದವರು ಮಾವನೇ. ಕಪ್ಪು ಚಿಪ್‌ನ ಮೇಲೆ ಅಚ್ಚಾದ ಅಕ್ಷರಗಳ ನಡುವೆ ಅದರ ಅಳತೆ ಬಿಟ್‌ಗಳಲ್ಲಿ ಅಡಗಿರುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್; ಹಾಗಾಗಿ ಎಂಟರಿಂದ ಭಾಗಿಸಿದರೆ ಎಂಬಿಯಲ್ಲಿ ಒಂದು ಚಿಪ್‌ನ ಲೆಕ್ಕ. ಮೂವತ್ತೆರಡು ಬಂತು. ಚಿಪ್ ಎಂಟು. ಎರಡು ಸಲ ಎಣಿಸಿದಳು. ಒಟ್ಟು ಇನ್ನೂರೈವತ್ತಾರು.

ಯಂತ್ರಕ್ಕೆ ಸಿಕ್ಕಿಸಿದಳು. ಪರದೆಯಲ್ಲಿ ನೂರಿಪ್ಪತ್ತೆಂಟು.

ಆಗ ಹೊಳೆಯಿತು. ಅವಳ ಯಂತ್ರ ಈ ರ‍್ಯಾಮ್‌ಗಿಂತ ಹಳೆಯದು. ಇಷ್ಟು ದಟ್ಟವಾಗಿ ನೆನಪು ತುಂಬಿದ ಚಿಪ್‌ಗಳಲ್ಲಿ ಅರ್ಧವಷ್ಟೇ ಅದರ ಕಣ್ಣಿಗೆ ಬೀಳುವುದು. ಚಿಕ್ಕ ಪಾತ್ರೆಯಲ್ಲಿ ಅಳೆದು, ಹೊರಗೆ ಚೆಲ್ಲಿದ್ದನ್ನು ಇಲ್ಲವೇ ಇಲ್ಲ ಅಂದಂತಾಗಿತ್ತು.

"ನಿಮ್ಮದೇನೂ ಸುಡಲ್ಲ, ತಗೊಂಡು ಹೋಗಿ," ಎಂದು ರ‍್ಯಾಮ್ ಕಿತ್ತು ಅವನ ಕೈಗೆ ತುರುಕಿ ಫೋನ್ ಎತ್ತಿಕೊಂಡಳು. ಗಂಡ ಎತ್ತಲಿಲ್ಲ. ಬಾಗಿಲಿಗೆ ಹೋದಳು, ಒಳಗೆ ಬಂದಳು, ಮತ್ತೆ ಒತ್ತಿದಳು. ಐದನೆಯ ಸಲಕ್ಕೆ ದನಿ ಬಂತು.

"ರೀ, ಏನೂ ಹೇಳ್ಬೇಡಿ ಅವರಿಗೆ!"

"ಹೇಳಿ ಆಯ್ತಲ್ಲ. ಅಪ್ಪ ಜಗಳಾನೂ ಆಡ್ಲಿಲ್ಲ. 'ನನಗೂ ಹಾಗೇ ಅನ್ನಿಸ್ತಿತ್ತು' ಅಂದ್ರು. ಕೀಲಿ ಕೊಟ್ಟು ಬರ್ತೀನಿ ಅಂತ ಈಗಷ್ಟೇ ಅಂಗಡಿ ಹತ್ರ ಇಳಿದ್ರು."

ನನಗೂ ಹಾಗೇ ಅನ್ನಿಸ್ತಿತ್ತು. ಯಾಕೆ ಅನ್ನಿಸಬೇಕು? ಅವಳು ತಾನು ಇನ್ನೂ ಕೈಯಿಡದಿದ್ದ ಕೆಳಗಿನ ಡ್ರಾಯರ್ ಎಳೆದಳು. ಸಾಲಾಗಿ ರ‍್ಯಾಮ್‌ಗಳು. ಪ್ರತಿ ಚೀಟಿಯಲ್ಲೂ ಮಾವನ ದುಂಡು ಅಕ್ಷರದ ಇನ್ನೂರೈವತ್ತಾರಕ್ಕೆ ಗೀಟು ಬಿದ್ದಿತ್ತು. ಪಕ್ಕದಲ್ಲಿ ಅದೇ ಕೈ ನೂರಿಪ್ಪತ್ತೆಂಟು ಎಂದು ಬರೆದಿತ್ತು. ಮೇಲಿನ ಡ್ರಾಯರಿನಲ್ಲಿ ಅವಳ ಚೀಟಿಗಳನ್ನು ಅವರು ನೋಡಿದ್ದರು. ಯಾರನ್ನೂ ಕೇಳಿರಲಿಲ್ಲ.

ಮಾವ ಒಳಗೆ ಬಂದು ಕೀಲಿಗೊಂಚಲನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು.

"ತಪ್ಪು ನಂದು ಮಾವ. ನಿಮ್ಮ ಚೀಟಿ ಕಿತ್ತಿದ್ದು ನಾನು. ಈ ಯಂತ್ರಕ್ಕೆ ಅರ್ಧಾನೇ ಕಾಣೋದು. ನಿಮ್ಮ ಲೆಕ್ಕವೇ ಸರಿ, ಎಲ್ಲಾದೂ."

ಅವರು ನಕ್ಕರು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಇರಲಿ ಬಿಡಮ್ಮಾ."

ಅವಳು ಡ್ರಾಯರಿನಿಂದ ಒಂದು ರ‍್ಯಾಮ್ ತೆಗೆದು, ಚೀಟಿ ಕಿತ್ತು, ಭೂತಗನ್ನಡಿಯೊಂದಿಗೆ ಅವರ ಕೈಗಿಟ್ಟಳು. "ನೀವೇ ಓದಿ."

ಮಾವ ಬಹಳ ಹೊತ್ತು ಓದಿದರು. ಹೆಬ್ಬೆರಳು ಒಂದೊಂದೇ ಚಿಪ್ ದಾಟಿ ಕೊನೆಗೆ ಬಂತು. ತುಟಿ ತೆರೆಯಿತು. ಆದರೆ ಹೇಳುವ ಮೊದಲು ಕಣ್ಣೆತ್ತಿ ಯಂತ್ರದ ಪರದೆಯತ್ತ ನೋಡಿದರು.

ಅವಳು ಬಗ್ಗಿ ಗೋಡೆಯಿಂದ ಪ್ಲಗ್ಗನ್ನು ಕಿತ್ತಳು. ಯಂತ್ರದೊಳಗಿನ ಫ್ಯಾನು ತಿರುಗುತ್ತ ತಿರುಗುತ್ತ ನಿಧಾನವಾಗಿ ನಿಂತಿತು. ಮಾವ ಕಪ್ಪಾದ ಪರದೆಯನ್ನು ಒಂದಿಷ್ಟು ಹೊತ್ತು ನೋಡಿ, ಹೆಬ್ಬೆರಳನ್ನು ಮತ್ತೆ ಮೊದಲನೆಯ ಚಿಪ್‌ನ ಮೇಲಿಟ್ಟರು.