ಕೆಳಗಿನ ಸಾಲು

ಮೈಕಿನ ಮೇಲೆ ಒಂದು ನೊಣ ಕುಳಿತಿದೆ, ಉಸಿರು ಬಿಟ್ಟರೆ ಏಳುತ್ತದೆ, ಎಳೆದುಕೊಂಡರೆ ಮತ್ತೆ ಬಂದು ಕೂಡುತ್ತದೆ, ಇದನ್ನೇ ನೋಡುತ್ತ ಕೂತರೆ ಪದ್ಯ ತಪ್ಪುತ್ತದೆ, ತಪ್ಪಲಿ, ಇನ್ನು ಏಳು ಪದ್ಯ, ಏಳಾದ ಮೇಲೆ ಆ ಪುಟ — ಓದು ತಂಗಿ, ಯಾಕ ನಿಂತಿ, ಎನ್ನುತ್ತಾನೆ ಪಕ್ಕದಲ್ಲಿ ಕೂತ ಮುರಗೆಪ್ಪಜ್ಜ, ಓದುತ್ತೇನೆ, ಒಂದು ಪದ್ಯ ನಾನು ಓದಬೇಕು, ಅದರ ಅರ್ಥ ಅವನು ಬಿಡಿಸಿ ಹೇಳಬೇಕು, ಶ್ರಾವಣದಲ್ಲಿ ನಮ್ಮ ಬನಹಟ್ಟಿಯ ಓಣಿಯ ಗುಡಿಯಲ್ಲಿ ಪುರಾಣ ಹಚ್ಚಿದರೆ ಇದೇ ರೂಢಿ. ಇಷ್ಟು ವರ್ಷ ಎರಡನ್ನೂ ಅವನೇ ಮಾಡುತ್ತಿದ್ದ, ಈಗ ಕಣ್ಣಿಗೆ ಪೊರೆ ಬಂದಿದೆ, ಸಿದರಾಯನ ಮಗಳು ರಾಜಶ್ರೀ ಜಮಖಂಡ್ಯಾಗ ಕನ್ನಡ ಎಂ.ಎ. ಮಾಡಾಕತ್ತಾಳ, ಅಕೀನ್ನ ಕರಸ್ರಿ, ಎಂದು ಹೇಳಿ ಕಳಿಸಿದವನೂ ಅವನೇ. ಕರೆದರು, ಹಿಗ್ಗಿ ಬಂದೆ. ಯಾವ ಪುರಾಣ ಎಂದು ಕೇಳಲೇ ಇಲ್ಲ, ಪೆದ್ದಿ. ಶರಣೆ ಕಲ್ಲವ್ವನ ಪುರಾಣ, ನನಗೆ ಬುದ್ಧಿ ಬಂದಾಗಿನಿಂದ ಗುಡಿಯಲ್ಲಿ ಇದನ್ನು ಹಚ್ಚಿರಲೇ ಇಲ್ಲ. ಊರಲ್ಲಿ ಉಳಿದಿರುವುದು ಒಂದೇ ಪ್ರತಿ, ನಮ್ಮ ಮನೆಯ ದೇವರ ಜಗಲಿಯ ಮೇಲಿನದು, ಅವ್ವ ದಿನಾ ಬೆಳಿಗ್ಗೆ ಪೂಜೆ ಮಾಡಿ, ಸಂಜೆ ಅರಿವೆಯಲ್ಲಿ ಸುತ್ತಿ ಗುಡಿಗೆ ತರುತ್ತಾಳೆ, ಓದು ಮುಗಿದ ಮೇಲೆ ಕೂಸಿನ ಹಾಗೆ ಎತ್ತಿಕೊಂಡು ಹೋಗುತ್ತಾಳೆ. ಈಗ ಹೆಂಗಸರ ಮೊದಲ ಸಾಲಿನಲ್ಲಿ ಕೂತಿದ್ದಾಳೆ, ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಕಂಬಕ್ಕೆ ಒರಗಿ ಚಿದಾನಂದ ಕಾಕಾ ಕೂತಿದ್ದಾನೆ, ಅಪ್ಪನ ತಮ್ಮ, ಮುಧೋಳದಿಂದ ಇವತ್ತೇ ಬಂದಿದ್ದಾನೆ, ಯಾಕೆ ಬಂದಿದ್ದಾನೆಂದು ನನಗೆ ಗೊತ್ತು.

ಆರು ಪದ್ಯ. ಅಜ್ಜ ಅರ್ಥ ಹೇಳುವಾಗ ನನ್ನ ತಲೆಗೆ ಬಿಡುವು ಸಿಗುತ್ತದೆ, ಸಿಗಬಾರದು, ಸಿಕ್ಕರೆ ಹೊಳೆಗೆ ಹೋಗುತ್ತದೆ. ಅಪ್ಪ ಮಗ್ಗದ ಮನುಷ್ಯ, ಈಜು ಬಾರದವನು, ಚಿಕ್ಕಪಡಸಲಗಿಗೆ ನನ್ನ ಸೋದರತ್ತೆಯ ಮನೆಗೆ ಹೋದವನು ಮುಂಜಾನೆ ಬ್ಯಾರೇಜಿನ ಕೆಳಗೆ ಜಳಕಕ್ಕೆ ಇಳಿದ, ಕಲ್ಲಿನ ಮೇಲೆ ಟಾವೆಲು, ಸಾಬೂನಿನ ಡಬ್ಬಿ, ಅದರ ಮುಚ್ಚಳ ತೆಗೆದಿತ್ತಂತೆ, ಅಷ್ಟೇ. ನಾಲ್ಕು ದಿನ ದೋಣಿ ಹಾಕಿ ಅನಗವಾಡಿಯ ತನಕ ಹುಡುಕಿದರು. ಹೆಣ ಸಿಗದವನನ್ನು ಸತ್ತ ಎನ್ನುವುದು ಹೇಗೆ, ಹನ್ನೆರಡ ವರ್ಷ ಹಾದಿ ನೋಡೂನು, ಬರದಿದ್ರ ಕಾರ್ಯ ಮಾಡೂನು, ಎಂದರು ಹಿರಿಯರು, ಆ ಹನ್ನೆರಡು ವರ್ಷ ಈ ಶ್ರಾವಣಕ್ಕೆ ತುಂಬಿತು. ಕಾಕಾ ಎರಡು ತಿಂಗಳಿಂದ ಹೇಳುತ್ತಿದ್ದಾನೆ, ವೈನಿ, ಇನ್ನ ಸಾಕರಿ, ಅಣ್ಣಗ ಮಾಡೋದು ಮಾಡಿಬಿಡೂನು. ಅವ್ವನದು ಒಂದೇ ಮಾತು, ಪುರಾಣದಾಗ ಬರದೈತಿ, ಕಲ್ಲವ್ವನ ಗಂಡ ಹನ್ನೆರಡ ವರ್ಷಕ್ಕ ಹೊಳಿ ದಾಟಿ ಬಂದಾನ, ಇವರೂ ಬರ್ತಾರ. ಪುರಾಣದಲ್ಲಿ ಹಾಗೆ ಬರೆದಿಲ್ಲ. ಅದನ್ನು ಹೇಳಿದವಳು ನಾನು, ಹನ್ನೊಂದು ವರ್ಷದ ನಾನು, ಎರಡು ಜಡೆ, ಮೊಳಕಾಲಲ್ಲಿ ಗಾಯದ ಹಕ್ಕಳೆ —

ಐದು. ಧ್ವನಿ ಒಡೆಯುತ್ತಿದೆ, ನೀರು ಕುಡಿದೆ, ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವಳಿಗೆ ಹೇಳುತ್ತಿದ್ದಾಳೆ, ಏನ ಛಂದ ಓದತಾಳ ನೋಡ. ಛಂದ! ಅಪ್ಪ ಹೋದ ಆ ಶ್ರಾವಣದಲ್ಲಿ ಅವ್ವ ರಾಟಿಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು, ಅವಳಿಗೆ ಓದಲು ಬಾರದು, ಓದಿ ಹೇಳ ರಾಜಿ, ಕಲ್ಲವ್ವನ ಗಂಡನೂ ಹೊಳಿಗಿ ಹೋಗಿದ್ನಂತ, ಮುಂದೇನಾತು ಓದಿ ಹೇಳ. ಓದಿದೆ, ಗಂಡ ಪೂಜೆಯ ಹೂವಿಗೆ ಹೊಳೆ ದಾಟಿದ, ಕಲ್ಲವ್ವ ಕೊಡ ಪಕ್ಕಕ್ಕಿಟ್ಟು ದಂಡೆಯ ಮೇಲೆ ಕೂತಳು, ಒಂದು ವರುಷ ಕೂತಳು, ಎರಡು ವರುಷ ಕೂತಳು, ಓದುತ್ತ ಓದುತ್ತ ಮುಂದಿನ ಸಾಲು ಕಣ್ಣಿಗೆ ಬಿತ್ತು, ಹೋದವನು ಬರಲಿಲ್ಲ ಹೊಳೆ ದಾಟಿ ಮರಳಿ. ತಲೆ ಎತ್ತಿದೆ. ಅವ್ವನ ರಾಟಿ ನಿಂತಿತ್ತು, ನೂಲು ಕೈಯಲ್ಲೇ ಇತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಾನು ಹೋದವನು ಬಂದನು ಎಂದೆ. ಎಷ್ಟು ಸಲೀಸಾಗಿ ಎಂದೆ! ಎಲ್ಲೈತಿ, ತೋರಸ, ಎಂದಳು. ಆ ಸಾಲಿನ ಮೇಲೆ ಬೆರಳಿಟ್ಟೆ. ಅವಳು ಎದ್ದು ಹೋಗಿ ಕುಂಕುಮ ತಂದು ನನ್ನ ಬೆರಳು ಸರಿಸಿ ಅಲ್ಲೇ ಒಂದು ಬೊಟ್ಟು ಇಟ್ಟಳು. ಬರಲಿಲ್ಲ ಎಂಬ ಮಾತಿನ ಪಕ್ಕದಲ್ಲಿ. ಆಮೇಲೆ ಪ್ರತಿ ಶ್ರಾವಣಕ್ಕೆ ಒಂದು, ಆ ಪುಟ ಅಷ್ಟ ಓದ ರಾಜಿ ಎನ್ನುವಳು, ನಾನು ಅದೇ ಜಾಗಕ್ಕೆ ಬೆರಳೊತ್ತಿ, ಪುಸ್ತಕ ನೋಡದೆ ಅದೇ ಸುಳ್ಳು ಹೇಳಿ, ಬೊಟ್ಟು ಬಿದ್ದ ಕೂಡಲೇ ಮುಚ್ಚಿಬಿಡುತ್ತಿದ್ದೆ, ತಪ್ಪು ಮಾಡಿದ ಜಾಗವನ್ನು ಯಾರು ದಿಟ್ಟಿಸಿ ನೋಡುತ್ತಾರೆ. ಹನ್ನೆರಡು ಬೊಟ್ಟು, ಒಂದೇ ಸಾಲಿನ ಗುಂಟ.

ನಾಲ್ಕು — ಅಲ್ಲ, ಇದು ಮೂರನೆಯದು, ಒಂದು ಪದ್ಯ ಹಾರಿಸಿದೆ, ಅಜ್ಜ ತೊಡೆ ತಟ್ಟಿ ನಿಲ್ಲಿಸುತ್ತಾನೆ, ಒಂದ ಬಿಟ್ಟಿ ನೋಡ ತಂಗಿ, ಹಿಂದಕ ಬಾ. ಪುರಾಣ ಪೂರಾ ಬಾಯಿಪಾಠ ಮುದುಕನಿಗೆ. ಇವನ ಮುಂದೆ ಬಂದನು ಎನ್ನಲು ಆಗುವುದಿಲ್ಲ, ಎಂದರೆ ಇಡೀ ಓಣಿಯ ಮುಂದೆ ತಿದ್ದುತ್ತಾನೆ, ಬರಲಿಲ್ಲ ಎಂದರೆ ಅವ್ವ — ಹಿಂದಕ್ಕೆ ಬಂದೆ, ಓದಿದೆ. ಕಾಲೇಜಿನಲ್ಲಿ ನಮ್ಮ ಧರ್ಮರಾಜ ಸರ್ ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ಸಾಹಿತ್ಯ ಒಂದು ಸುಂದರವಾದ ಸುಳ್ಳು, ಬರಕೋರಿ, ಎಂದರು, ಎಲ್ಲರೂ ಬರೆದುಕೊಂಡರು, ನಾನು ಬರೆದುಕೊಳ್ಳಲಿಲ್ಲ, ನನ್ನ ಮನೆಗೆ ಬಂದು ನೋಡ್ರಿ ಸರ್, ಆ ಸುಂದರ ಸುಳ್ಳು ಹನ್ನೆರಡು ವರ್ಷ ಒಬ್ಬ ಹೆಂಗಸನ್ನು ಬಾಗಿಲಲ್ಲಿ ಹೇಗೆ ಕೂರಿಸಿದೆ ನೋಡ್ರಿ. ಅವ್ವ ಕದಕ್ಕೆ ಕೀಲಿ ಹಾಕಿದ್ದು ನಾನು ಕಂಡಿಲ್ಲ. ಬಾಡಗಂಡಿಯಲ್ಲಿ ಅವಳ ಅವ್ವ ತೀರಿಕೊಂಡಾಗ ಮುಂಜಾನೆ ಹೋಗಿ ಮಣ್ಣು ಕೊಟ್ಟು ದೀಪ ಹಚ್ಚುವ ಹೊತ್ತಿಗೆ ಬಂದುಬಿಟ್ಟಳು, ಅವರ ಬಂದ್ರ ಮನ್ಯಾಗ ಯಾರ ಅದಾರ, ಎಂದಳು. ನನ್ನ ಹಾಸ್ಟೆಲಿಗೆ ಒಂದು ರಾತ್ರಿ ಬಂದು ಉಳಿಯಲಿಲ್ಲ. ನಾನಾದರೂ ಏನು ಮಾಡಿದೆ, ಸುಳ್ಳಿನ ರುಚಿ ಹತ್ತಿತು, ರಬಕವಿಯ ವಾಚನಾಲಯದಿಂದ ತಂದ ಕಾದಂಬರಿಗಳಲ್ಲಿ ಯಾರಾದರೂ ಸತ್ತರೆ ಪೆನ್ಸಿಲಿನಿಂದ ಹೊಡೆದುಹಾಕಿ ಬದುಕಿಸುತ್ತಿದ್ದೆ, ಪುಸ್ತಕ ಕೊಡುವ ಸಾಬಣ್ಣ ಹಿಡಿದು ಕೇಳಿದ, ಏನ ಬೇ, ಬರದಾವ್ರಕಿಂತ ನೀ ಶಾಣ್ಯಾಕಿ ಏನ? ನಾಚಿಕೆಯಿಂದ ರಬ್ಬರು ತಗೊಂಡು ಅಲ್ಲೇ ಕೂತು ಎಲ್ಲ ಅಳಿಸಿದೆ. ಅಲ್ಲಿಂದ ನಿಧಾನಕ್ಕೆ ಕಲಿತೆ, ಸಾಯುವವರನ್ನು ಸಾಯಗೊಡಲು, ಕಣ್ಣು ತೆಗೆಯದೆ ಕೊನೆಯ ಸಾಲಿನವರೆಗೆ ಹೋಗಲು, ದೊಡ್ಡವಳಾಗುವುದೆಂದರೆ ಇದೇ ಇರಬೇಕು ಎಂದು ಹೆಮ್ಮೆಪಟ್ಟೆ, ನೂರಾರು ಪುಸ್ತಕಗಳಲ್ಲಿ ಕಲಿತೆ, ಮನೆಯ ಒಂದು ಪುಸ್ತಕ ಬಿಟ್ಟು.

ಎರಡು. ಕರೆಂಟು ಹೋಗಿ ಬಂತು, ಪಕ್ಕದ ಓಣಿಯ ಮಗ್ಗಗಳು ನಿಂತು ಮತ್ತೆ ಹೊಡೆದುಕೊಳ್ಳತೊಡಗಿದವು. ಹೋದ ವಾರ, ಇವತ್ತಿನ ಭಾಗ ಒಮ್ಮೆ ನೋಡಿಕೊಳ್ಳೋಣ ಎಂದು ಆ ಪುಟ ತೆರೆದೆ, ಬೆರಳಿಡದೆ ತೆರೆದದ್ದು ಅದೇ ಮೊದಲು, ಬೊಟ್ಟುಗಳ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು. ಹೋದವನು ಬರಲಿಲ್ಲ ಹೊಳೆ ದಾಟಿ ಮರಳಿ, ಎದ್ದಳು ಕಲ್ಲವ್ವ ಕೊಡವೆತ್ತಿ ತಲೆಗಿಟ್ಟು. ಎದ್ದಳು! ಅವಳು ಎದ್ದು ಊರಿಗೆ ಬಂದಳು, ಬಂದವರಿಗೆ ನೀರು ಕೊಟ್ಟಳು, ಬದುಕಿದಳು, ಶರಣೆಯಾದದ್ದು ಕೂತದ್ದಕ್ಕಲ್ಲ, ಎದ್ದದ್ದಕ್ಕೆ. ನನ್ನ ಬೆರಳೇ ಆ ಸಾಲನ್ನು ಮುಚ್ಚಿತ್ತು. ಅವ್ವನಿಗೆ ಗಂಡನನ್ನು ಕೊಡಲು ಹೋಗಿ ಅವಳ ಕಾಲನ್ನೇ ಕಟ್ಟಿಹಾಕಿದೆ. ಈ ವಾರದಲ್ಲಿ ಮೂರು ಸಲ ಹೇಳಲು ಹೋದೆ, ಅವ್ವಾ, ಒಂದ ಮಾತ ಐತಿ, ಎಂದೆ, ಹೇಳ, ಎಂದಳು, ಉಪ್ಪ ಕಡಿಮಿ ಆಗೇತಿ, ಎಂದೆ. ಹೇಡಿ. ಅವಳು ಯಾಕೋ ನನ್ನನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಹೆಂಗಸರ ಸಂಘಕ್ಕೆ ಹೋಗುತ್ತಾಳೆ, ಹೆಬ್ಬೆಟ್ಟು ಬಿಟ್ಟು ಸಹಿ ಮಾಡುವುದನ್ನು ಕಲಿಸಿದ್ದಾರೆ, ಭಾಗವ್ವ ಎಂದು ದೊಡ್ಡ ದೊಡ್ಡ ಅಕ್ಷರ, ಸೀರೆಯ ಡಬ್ಬಿ ಹಿಡಿದು ಇದ್ಯಾವ ಅಕ್ಷರ ಎಂದು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ಬೀಳಗಿ ಬಸ್ ಬಂತ ನೋಡ ಎಂದಳು, ಕಂಡಕ್ಟರ್ ಕೂಗಿದ್ದು ಕೇಳಿಸಿರಬೇಕು, ಕೂಗಿದ್ದನೇ, ನೆನಪಿಲ್ಲ.

ಒಂದು. ಅದೂ ಮುಗಿಯಿತು, ಅಜ್ಜ ಅರ್ಥ ಮುಗಿಸಿ ಗಂಟಲು ಸರಿಮಾಡಿಕೊಂಡ, ಕಾಕಾ ಕಂಬ ಬಿಟ್ಟು ನೆಟ್ಟಗೆ ಕೂತ, ನನ್ನ ಬೆರಳು ಬೆವೆತು ಹಾಳೆಗೆ ಅಂಟಿದೆ, ತಿರುಗಿಸು, ತಿರುಗಿಸಲಾರೆ, ಓದ ರಾಜಿ, ಇದು ಅಜ್ಜನ ಧ್ವನಿಯಲ್ಲ, ಅವ್ವ, ಎದುರಿನಿಂದ, ಮೆಲ್ಲಗೆ, ಓದ, ಏನ ಬರದೈತಿ ಅದನ್ನ ಓದ. ತಿರುಗಿಸಿದೆ. ಮಾಸಿದ ಬೊಟ್ಟುಗಳು, ಹನ್ನೆರಡು, ಬರಲಿಲ್ಲದ ಗುಂಟ, ಈ ವರ್ಷದ್ದೆಲ್ಲಿ, ಈ ಸಾಲಿನಲ್ಲಿ ಇಲ್ಲ, ಮತ್ತೆ ಎಣಿಸಿದೆ, ಹನ್ನೆರಡೇ — ಕೆಳಗಿದೆ. ಕೆಳಗಿನ ಸಾಲಿನಲ್ಲಿ. ಇಂದು ಬೆಳಗಿನ ಹೊಸ ಕುಂಕುಮ, ಎದ್ದಳು ಎಂಬ ಮಾತಿನ ನೆತ್ತಿಯ ಮೇಲೆ, ಓದಲು ಬಾರದವಳು ಹುಡುಕಿ ಇಡಲಾರದಷ್ಟು ನೆಟ್ಟಗೆ. ಯಾವಾಗ ಓದಿದಳು, ಈ ವಾರವೇ, ಹೋದ ವರ್ಷವೇ, ಉಪ್ಪು ಕಡಿಮೆ ಎಂದಾಗ ನನ್ನ ಮುಖ ನೋಡುತ್ತ ಗೊತ್ತಿದ್ದೂ ಸುಮ್ಮನಿದ್ದಳೇ, ತಲೆ ಎತ್ತಬೇಕು, ಅವಳ ಕಣ್ಣು ನೋಡಬೇಕು, ಬಾಯಿ ತೆರೆಯಬೇಕು, ಎಲ್ಲರೂ ಕಾಯುತ್ತಿದ್ದಾರೆ, ಹೋದವನು — ಹೋದವನು ಬರಲಿಲ್ಲ — ಎಂದೆ, ನನ್ನದೇ ಧ್ವನಿ, ಮುಂದಿನದು ಬರುತ್ತಿಲ್ಲ, ಆ ಬೊಟ್ಟು, ಕೆಳಗಿನ ಸಾಲಿನಲ್ಲಿ ಆ ಒಂದೇ ಕೆಂಪು ಬೊಟ್ಟು, ಅದರ ಕೆಳಗೆ ಎದ್ದಳು.