ಊರಿನ ಒಂದೇ ಒಂದು ಕೆಂಪು ಮತ

ಐಫೆಲ್ ಬೆಟ್ಟದ ಆ ಊರಿನಲ್ಲಿ ಮತ ಎಣಿಸುವುದು ಬರೀ ಶಾಸ್ತ್ರ. ಇಡೀ ಊರು ಚರ್ಚಿನವರು ಮೆಚ್ಚಿದ ಕಪ್ಪು ಪಕ್ಷಕ್ಕೆ, ಕಾರ್ಮಿಕರ ಕೆಂಪು ಪಕ್ಷಕ್ಕೆ ಒಂದೇ ಒಂದು. ಐವತ್ಮೂರನೇ ಇಸವಿಯಿಂದಲೂ ಹೀಗೇ. ಆ ಒಂದು ಮತ ಲಾಳ ಕಟ್ಟುವ ಹ್ಯೂಬರ್ಟ್ ಥೇಲನ್‌ನದು ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಕಾರಣ? ಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಐದು ವರ್ಷ ದುಡಿದು ಬಂದವನು ಅವನೊಬ್ಬನೇ. ಚರ್ಚಿನ ಗಾಯನ ತಂಡದಿಂದ ಅವನನ್ನು ಕೈಬಿಟ್ಟರು. 'ಕೆಂಪು ಹ್ಯೂಬರ್ಟ್' ಎಂದು ಆಡಿಕೊಳ್ಳುವುದನ್ನು ಮಕ್ಕಳಿಗೂ ಕಲಿಸಿದರು. ದೊಡ್ಡ ಧರ್ಮಿಷ್ಠರು!

ಎಂಬತ್ತಾರರ ನವೆಂಬರಿನಲ್ಲಿ ಹ್ಯೂಬರ್ಟ್ ತೀರಿಕೊಂಡ. ಜನವರಿಯಲ್ಲಿ ಚುನಾವಣೆ ಬಂತು. ಭಾನುವಾರದ ಪೂಜೆ ಮುಗಿಸಿ ಅವನ ಹೆಂಡತಿ ಅಪೊಲೋನಿಯಾ ಮತ ಹಾಕಲು ಶಾಲೆಗೆ ಬಂದಾಗ ಮೇಯರ್ ಸೆವೆರಿನ್ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದ.

"ಬಾ ಪ್ಲೋನಿ. ಈ ಸಲ ನೂರಕ್ಕೆ ನೂರು. ನಿನ್ನ ಗಂಡ ಒಳ್ಳೆಯವನೇ, ಅದೊಂದು ಕಳಂಕ ಇತ್ತು. ಅದೂ ಅವನ ಜೊತೇಲೇ ಮಣ್ಣಾಯ್ತು ಬಿಡು."

"ಪೆಟ್ಟಿಗೆ ಇನ್ನೂ ತೆಗೆದಿಲ್ಲ, ಆಗಲೇ ನಾಲಗೆ ಎಷ್ಟು ಉದ್ದ ಆಯ್ತೋ ನಿಂದು!" ಎಂದು ಅವಳು ಮತಚೀಟಿ ಕಿತ್ತುಕೊಂಡು ಮರೆಗೆ ಹೋದಳು.

ಮೈಯೆಲ್ಲ ಉರಿಯುತ್ತಿತ್ತು. ಆ ಮತ ಅವಳದು. ಐವತ್ಮೂರರಲ್ಲಿ ಪಾದ್ರಿ ಚರ್ಚಿನ ವೇದಿಕೆ ಮೇಲೆ ನಿಂತು ಕಪ್ಪಿಗೇ ಹಾಕಿ ಎಂದಾಗ ಸಿಟ್ಟು ನೆತ್ತಿಗೇರಿ ಕೆಂಪಿಗೆ ಒತ್ತಿದ್ದಳು. ಅವತ್ತಿನಿಂದ ಬಿಟ್ಟಿರಲಿಲ್ಲ. ಹ್ಯೂಬರ್ಟ್ ಮಾತ್ರ ಕಪ್ಪಿಗೇ ಹಾಕುತ್ತಿದ್ದ. ಊರು ಅವನ ಮೇಲೆ ಬಿದ್ದಾಗ, "ಬೈಸಿಕೊಳ್ಳೋದು ನನಗಿರಲಿ ಮಾರಾಯ್ತಿ, ನನ್ನ ಬೆನ್ನು ಅಗಲ" ಎಂದು ನಕ್ಕಿದ್ದ. ಅವಳು ಸುಮ್ಮನಿದ್ದುಬಿಟ್ಟಳು. ಅದು ಹೇಡಿತನ, ಅವಳಿಗೂ ಗೊತ್ತು. ಇವತ್ತು ಕಪ್ಪಿಗೆ ಹಾಕಿದರೆ ಕೆಂಪು ಮತ ಅವನದೇ ಆಗಿತ್ತು ಎಂದಾಗಿ ಆ ಕಳಂಕ ಅವನ ಗೋರಿಗೆ ಅಂಟಿಕೊಂಡೇ ಉಳಿಯುತ್ತದೆ.

ಅವಳು ಕಾಗದ ಹರಿಯುವಷ್ಟು ಒತ್ತಿ ಕೆಂಪಿಗೆ ಗುರುತು ಹಾಕಿದಳು. ಎಣಿಕೆ ಯಾರು ಬೇಕಾದರೂ ನೋಡಬಹುದು. ಸಂಜೆ ಆರಕ್ಕೆ ಶಾಲೆಗೆ ಬಂದು, ನೆರೆದ ಊರವರ ಹಿಂದೆ ಗೋಡೆಗೊರಗಿ ನಿಂತಳು.

ನೂರೆಂಬತ್ತಾರು ಕಪ್ಪು. ಒಂದು ಕೆಂಪು.

ಸೆವೆರಿನ್‌ನ ಮುಖ ಬಿಳಿಚಿತು. "ಯಾರದ್ದು ಇದು?"

"ಹಾಗೆಲ್ಲ ಕೇಳಬಾರದು, ಗುಪ್ತ ಮತದಾನ" ಎಂದಳು ಎಣಿಸುತ್ತಿದ್ದ ಶಾಲೆಯ ಟೀಚರು.

"ಕೇಳೋದು ಬೇಡ, ನಾನೇ ಹೇಳ್ತೀನಿ. ನಂದು. ಐವತ್ಮೂರರಿಂದಲೂ ನಂದೇ" ಎಂದಳು ಅಪೊಲೋನಿಯಾ. "ಹ್ಯೂಬರ್ಟ್ ಒಂಬತ್ತು ಚುನಾವಣೇಲೂ ನಿಮ್ಮ ಪಕ್ಷಕ್ಕೇ ಹಾಕಿದ. ನಿಮ್ಮವನನ್ನೇ ಸಾಯೋವರೆಗೂ ಹೊರಗಿಟ್ರಿ."

"ಅವನಾದ್ರೂ ಒಂದು ಮಾತು ಹೇಳಬಾರದಿತ್ತಾ?" ಸೆವೆರಿನ್‌ನ ದನಿ ಇಳಿದಿತ್ತು.

"ಹೇಳಿದ್ರೆ ನನ್ನ ಹೆಸರು ಹೇಳಬೇಕಿತ್ತಲ್ಲೋ! ನನಗೂ ಆವಾಗ ಬಾಯಿ ಬರಲಿಲ್ಲ, ನಾಚಿಕೆಯಾಗುತ್ತೆ. ಈಗ ಬಂದಿದೆ. ಅವನನ್ನ ಏನೇನು ಅಂದ್ರೋ, ಅದೆಲ್ಲ ಈಗ ನನ್ನ ಮುಖ ನೋಡಿ ಅನ್ನಿ. ಯಾರು ಶುರು ಮಾಡ್ತೀರಾ?"

ಒಬ್ಬೊಬ್ಬರ ಮುಖವನ್ನೇ ನೋಡುತ್ತ ಅವಳು ಕಾದಳು.