ಒಳಗೆ ಬಿಟ್ಟ ಬಟ್ಟೆ

ಹಸಿರು ಸೀರೆಯನ್ನೂ ಅದರ ಮೇಲೊಂದು ಜಂಪರಿನ ಖಣವನ್ನೂ ತಂಗಿ ಸೋನಾಬಾಯಿಯ ಕಾಲ ಬಳಿ ಇಟ್ಟ ಬಾಪುಸಾಹೇಬರು ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟರು. ಬೆಳಿಗ್ಗೆ ಕಾಗವಾಡಕ್ಕೆ ಫೋನಿನಲ್ಲಿ ಸುದ್ದಿ ಬಂದಾಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ. ಬಸ್ಸು ಬದಲಿಸುತ್ತ ಸದಲಗಾ ಮುಟ್ಟುವ ಅವಸರದಲ್ಲೂ ಅಂಗಡಿ ಹುಡುಕಿ ಇವೆರಡನ್ನು ಕೊಳ್ಳುವುದನ್ನು ಮರೆತಿರಲಿಲ್ಲ. ಗಂಡನಿಗಿಂತ ಮೊದಲು ಹೋದ ಹೆಣ್ಣಿಗೆ ಕೊನೆಯ ಸೀರೆ, ಕೊನೆಯ ಖಣ ತವರಿನದೇ ಆಗಬೇಕು.

ಸಾವಿನ ಮನೆಯಲ್ಲಿ ಉಳಿದವರಿಗೆ ಕೈಕಾಲು ಆಡದಿದ್ದರೂ ಜಿನಮತಿ ಆಯಿಗೆ ಆಡುತ್ತವೆ. ಓಣಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೀಯಿಸಿ ಸೀರೆ ಉಡಿಸುವ ಕೆಲಸ ಈ ನೆರೆಮನೆಯ ಮುದುಕಿಯದೇ. ಸೋನಾಬಾಯಿಯ ಸ್ನಾನ ಮುಗಿಸಿ ಚಾಪೆಯ ಮೇಲೆ ಮಲಗಿಸಿದ್ದ ಆಕೆ ಖಣವನ್ನು ಬಿಡಿಸಿ ನೋಡಿದಳು. ಬಟ್ಟೆ ಚೆನ್ನಾಗಿದೆ, ಎದೆಯ ಮೇಲೆ ಹೊದಿಸಿದರಾಯಿತು, ಈಗ ಹೊಲಿಯುತ್ತ ಕೂರುವವರು ಯಾರು ಎಂದಳು. ಹೊತ್ತು ಮುಳುಗಿದ ಮೇಲೆ ಬೆಂಕಿ ಕೊಡುವ ರೂಢಿ ನಮ್ಮಲ್ಲಿಲ್ಲ, ಗಂಡಸರು ಆಗಲೇ ದೂಧಗಂಗೆಯ ದಂಡೆಗೆ ಕಟ್ಟಿಗೆ ಸಾಗಿಸಿದ್ದಾರೆ ಎಂದೂ ನೆನಪಿಸಿದಳು.

ಹತ್ತಿರದಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು ನಿಂತಿದ್ದ ಸೊಸೆ ಚಂದ್ರಮತಿ ತಂಬಿಗೆ ಕೆಳಗಿಟ್ಟು ಖಣವನ್ನು ಆಯಿಯ ಕೈಯಿಂದ ತೆಗೆದುಕೊಂಡಳು.

“ನಾ ಹೊಲಿತೀನ್ರಿ.”

ಸುತ್ತ ಕುಳಿತ ಹೆಂಗಸರು ಮುಖ ಮುಖ ನೋಡಿಕೊಂಡರು. ಸೋನಾಬಾಯಿಯ ಮಿಷಿನ್ನನ್ನು ಸೊಸೆ ಮುಟ್ಟುವುದಿಲ್ಲ ಎನ್ನುವುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಮುಟ್ಟಗೊಡುವುದಿಲ್ಲ ಎಂದು ಕೆಲವರು, ಇವಳೇ ಮುಟ್ಟುವುದಿಲ್ಲ ಎಂದು ಕೆಲವರು ಹೇಳುತ್ತಿದ್ದರು. ಅತ್ತೆ ಸೊಸೆಯರ ವಿಷಯದಲ್ಲಿ ಓಣಿ ಇಷ್ಟು ಕಾಳಜಿ ವಹಿಸದಿದ್ದರೆ ಆದೀತೇ?

“ಆ ಮಿಷಿನ್ ನಿನ್ನ ಕೈಯಾಗ ಓಡತೈತೇನ?” ಎಂದಳು ಆಯಿ.

“ಮಂದೀಗೆಲ್ಲಾ ಹೊಲದ ಕೊಟ್ಟಾಕಿ, ತಾ ಹೋಗೂ ಮುಂದ ಹೊಲೀಲಾರದ ಅರಿಬಿ ಹೊಚಗೊಂಡ ಹೋಗಬೇಕೇನ್ರಿ?”

ಗೋಡೆಗೊರಗಿದ್ದ ಬಾಪುಸಾಹೇಬರು ಕಣ್ಣು ಒರೆಸಿಕೊಂಡು, “ಹೊಲಿ ಯವ್ವಾ. ಹೊತ್ತ ಇನ್ನೂ ಐತಿ” ಎಂದರು. ಅಣ್ಣನೇ ಹೇಳಿದ ಮೇಲೆ ಆಯಿಯದೇನು ನಡೆದೀತು. ಮೈ ಬಿಗಿಯುವುದರೊಳಗೆ ಮುಗಿಸು, ಆಮೇಲೆ ತೋಳು ಬಗ್ಗುವುದಿಲ್ಲ ಎಂದಷ್ಟೇ ಎಚ್ಚರಿಸಿದಳು.

*

ಆ ಮಿಷಿನ್ನು ನಿಪ್ಪಾಣಿಯಿಂದ ಬಂದದ್ದು. ಪೇಟೆಗೆ ತಂಬಾಕು ಹಾಕಿ ಬರಲು ಹೋದ ಸೋನಾಬಾಯಿಯ ಗಂಡ ಭೀಮಗೊಂಡರು ವಾಪಸು ಬರುವಾಗ ಗಾಡಿಯಲ್ಲಿ ಅದನ್ನು ಹೇರಿಕೊಂಡು ಬಂದಿದ್ದರು. ಆಗಲೇ ಯಾರೋ ಬಳಸಿ ದಣಿಸಿದ ಮಿಷಿನ್ನು, ಹೆಸರಿನ ಬಂಗಾರದ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಮನೆಯ ಹರಿದದ್ದು ಹೊಲಿದುಕೊಳ್ಳಲಿ ಎಂದು ತಂದದ್ದರಲ್ಲಿ ಸೋನಾಬಾಯಿ ಓಣಿಯ ಜಂಪರುಗಳನ್ನು ಹೊಲಿದಳು, ಶಾಲೆಯ ಅಂಗಿಗಳನ್ನು ಹೊಲಿದಳು, ಸೂಜಿ ಬದಲಿಸಿ ಕೌದಿ ಹೊಲಿದಳು, ಒಮ್ಮೆ ಎತ್ತಿನ ಬೆನ್ನಿಗೆ ಹೊದಿಸುವ ಝೂಲವನ್ನೂ ಹೊಲಿದಳು. ಕೆಟ್ಟರೆ ತಾನೇ ಬಿಚ್ಚಿ ಕೂರುತ್ತಿದ್ದಳು. ಬಾಬಿನ್ನಿಗೆ ದಾರ ಸುತ್ತುವ ಗಾಲಿಯ ರಬ್ಬರು ಸವೆದರೆ ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿ ಹಾಕುತ್ತಿದ್ದಳು.

ಹೊಲಿದ ಪ್ರತಿ ಜಂಪರಿನ ಮಗ್ಗುಲಲ್ಲಿ ಎರಡು ಬೆರಳಷ್ಟು ಬಟ್ಟೆ ಒಳಗೆ ಬಿಡುವುದು ಆಕೆಯ ಪದ್ಧತಿ. “ಮೈ ಇದ್ದಂಗ ಇರೂದಿಲ್ಲ. ತುಂಬಿದ್ರ ಬಿಚ್ಚಾಕ ಬೇಕಾಗತೈತಿ” ಎನ್ನುತ್ತಿದ್ದಳು. ಓಣಿಯ ಹುಡುಗಿಯರು ಮದುವೆಯಾಗಿ, ಬಸುರಾಗಿ ತವರಿಗೆ ಬಂದಾಗ ಅವೇ ಜಂಪರುಗಳನ್ನು ತಂದು ಬಿಚ್ಚಿಸಿಕೊಂಡು ಹೋಗುತ್ತಿದ್ದರು.

ಚಂದ್ರಮತಿ ರಾಯಬಾಗದ ಕಡೆಯವಳು. ಹೊಲಿಗೆಯ ಕ್ಲಾಸಿಗೆ ಒಂದಿಷ್ಟು ದಿನ ಹೋಗಿ ಬಂದಿದ್ದಳು, ಅದರ ಹಮ್ಮು ಸ್ವಲ್ಪ ಇತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ಬಸದಿಗೆ ಹೋದ ಹೊತ್ತು ನೋಡಿ ಮಿಷಿನ್ನಿನ ಮುಂದೆ ಕುಳಿತಳು. ಚಕ್ರ ಹಿಂದಕ್ಕೆ ತಿರುಗಿತು, ದಾರ ಅಡಿಯಲ್ಲಿ ಗೂಡು ಕಟ್ಟಿತು, ಬಿಡಿಸಲು ಎಳೆದಾಗ ಸೂಜಿ ಲಟಕ್ಕೆಂದು ಮುರಿಯಿತು. ಅಷ್ಟರಲ್ಲಿ ಸೋನಾಬಾಯಿ ಬಾಗಿಲಲ್ಲಿದ್ದಳು. ಬೈದಿದ್ದರೆ ಬೇಕಾಗಿತ್ತು. ಬೈಯಲಿಲ್ಲ. ಮುರಿದ ತುದಿಯನ್ನು ಹುಡುಕಿ ತೆಗೆದು, “ಇದಕ್ಕ ಒಂದ ಕೈ ರೂಢಿ ಆಗೇತಿ ಚಂದ್ರಾ. ಬಿಡು” ಎಂದಳು.

ಆ ‘ಬಿಡು’ ಚಂದ್ರಮತಿಗೆ ಕಪಾಳಕ್ಕೆ ಹೊಡೆದಂತಾಯಿತು. ಇನ್ನು ಇದನ್ನು ಮುಟ್ಟಿದರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆಯಾದರೂ ಒಮ್ಮೆ ಬಾ ಎನ್ನಬಹುದಿತ್ತು, ಅನ್ನಲಿಲ್ಲ. ಕಲಿಸಿರಿ ಎಂದು ಇವಳು ಕೇಳಬಹುದಿತ್ತು, ಕೇಳಲಿಲ್ಲ. ಹಾಗೆಂದು ಜಗಳವೇನೂ ಇರಲಿಲ್ಲ. ಒಂದೇ ಒಲೆಯ ಮುಂದೆ ಕೂತು ಉಂಡರು, ಕಾಲು ನೋಯುತ್ತದೆಂದರೆ ಸೊಸೆ ಎಣ್ಣೆ ತಿಕ್ಕಿದಳು. ಮಿಷಿನ್ನಿನ ಮಾತು ಮಾತ್ರ ಇಬ್ಬರ ನಡುವೆ ಬರುತ್ತಿರಲಿಲ್ಲ. ಇಬ್ಬರ ಬಿಗುಮಾನವೂ ಸರಿಸಮ.

*

ಮಿಷಿನ್ನಿಗೆ ಹಳೆಯ ಧೋತರದ ಮುಸುಕಿತ್ತು. ಚಂದ್ರಮತಿ ಅದನ್ನು ತೆಗೆದು ಚಕ್ರ ತಿರುವಿದಳು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೋನಾಬಾಯಿ ಹಾಸಿಗೆ ಹಿಡಿದ ಮೇಲೆ ಅದಕ್ಕೆ ಎಣ್ಣೆ ಬಿದ್ದಿರಲಿಲ್ಲ, ಹಳೆಯ ಎಣ್ಣೆಯೆಲ್ಲ ಅಂಟಾಗಿ ಕುಳಿತಿತ್ತು. ತೊಗಲಿನ ಬೆಲ್ಟು ಸಡಿಲಾಗಿ ಜೋತುಬಿದ್ದಿತ್ತು. ನಡುಮನೆಯಲ್ಲಿ ಯಾರೋ ಹೊಸದಾಗಿ ಬಂದವರು ಅಳುವುದು ಕೇಳಿಸಿತು. ಎಲ್ಲರೆದುರು ಹಾಗೆ ಹೇಳಿಬಿಡಬಾರದಿತ್ತು ಅನಿಸಿತು ಅವಳಿಗೆ.

ಆಗ ಅತ್ತೆಯ ದನಿ ನೆನಪಾಯಿತು. “ಮೊದಲ ಸೀಮೆಎಣ್ಣಿ. ತೂತಿಗೊಂದ ಹನಿ ಬಿಡಬೇಕು, ಜಿಡ್ಡ ಬಿಡತೈತಿ. ಆಮ್ಯಾಲ ಮಿಷಿನ್ ಎಣ್ಣಿ.”

ಕಳೆದ ಮುಂಗಾರಿನ ಹೊತ್ತಿಗೆ ಸೋನಾಬಾಯಿಗೆ ಹೊಸ ಚಟವೊಂದು ಹತ್ತಿತ್ತು. ಮಿಷಿನ್ನು ಬಿಚ್ಚಿದಾಗಲೆಲ್ಲ ಅದರ ಜೊತೆ ಗಟ್ಟಿಯಾಗಿ ಮಾತಾಡುವುದು. ಈಗ ಅರಿಬಿ ಮುಂದ ದೂಡೂ ಹಲ್ಲಿನ ಸಂದಿಯ ದಾರದ ಹಿಂಜು ತೆಗೀಬೇಕು, ಈಗ ಬೆಲ್ಟ ಒಂದ ಉಗುರಷ್ಟ ಕತ್ತರಿಸಿ ದಬ್ಬಣದಿಂದ ತೂತು ಮಾಡಬೇಕು, ತಂತಿ ಹಾಕಿ ಬಿಗೀಬೇಕು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಚಂದ್ರಮತಿಗೆ ಎಲ್ಲ ಕೇಳಿಸುತ್ತಿತ್ತು. ಅತ್ತೆಗೆ ವಯಸ್ಸಾಯಿತು, ಕಬ್ಬಿಣದ ಜೋಡಿ ಹರಟೆ ಹೊಡೆಯುತ್ತಾರೆ ಎಂದು ಗಂಡ ಶ್ರೀಪಾಲನಿಗೆ ಹೇಳಿ ನಕ್ಕಿದ್ದಳು.

ಅವಳು ಸೀಮೆಎಣ್ಣೆಯ ಹನಿ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಅಲುಗಿಸಿದಳು. ಎಲ್ಲಿಯೋ ಒಂದೆಳೆ ಸಡಿಲಾಯಿತು. ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ ಹೇರ್‌ಪಿನ್ನಿನಿಂದ ಹಲ್ಲುಗಳ ನಡುವಿನ ಹಿಂಜು ಕಿತ್ತಳು. ಎಣ್ಣೆ ಬಿಟ್ಟಳು. ಬೆಲ್ಟು ಕತ್ತರಿಸಿ ಬಿಗಿದಳು. ಹೊಸ ಸೂಜಿಯನ್ನು ಪೂರ್ತಿ ಮೇಲಕ್ಕೆ ಒತ್ತಿ ತಿರುಪು ಹಾಕಿದಳು. ಬಾಬಿನ್ನಿನ ಡಬ್ಬಿಯನ್ನು ದಾರದ ತುದಿಯಿಂದ ಹಿಡಿದು ಮೆಲ್ಲಗೆ ಜಗ್ಗಿದಳು. ಅದು ಜೇಡ ಇಳಿದಂತೆ ಒಂದಿಷ್ಟು ಇಳಿದು ನಿಂತಿತು. ಹೀಗೇ ಇಳಿಯಬೇಕು, ಜರ್ರನೆ ಇಳಿದರೆ ಸಡಿಲು, ಇಳಿಯದಿದ್ದರೆ ಬಿಗಿ. ಇದನ್ನೂ ಅತ್ತೆ ಹೇಳಿದ್ದಳು.

ಯಾರಿಗೆ ಹೇಳಿದ್ದಳು? ಮಿಷಿನ್ನಿಗೆ ಗೊತ್ತಿಲ್ಲದ್ದು ಅದರಲ್ಲಿ ಏನಿತ್ತು?

ಚಂದ್ರಮತಿ ಡಬ್ಬಿಯನ್ನು ಹಿಡಿದುಕೊಂಡೇ ಕುಳಿತಳು. ಒಮ್ಮೆ, ಒಂದೇ ಒಂದು ಸಲ, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಅನಿಸಿತು.

*

ಅಳತೆಗೆಂದು ಆಯಿ ತಂದುಕೊಟ್ಟದ್ದು ಮೀಯಿಸುವಾಗ ಮೈಮೇಲಿನಿಂದ ತೆಗೆದ ಜಂಪರು. ಕಂದು ಬಣ್ಣದ್ದು, ಅದರ ಕಂದು ದಾರದ ಹೊಲಿಗೆಯೂ ಮಾಸಿತ್ತು. ಚಂದ್ರಮತಿ ಅದನ್ನು ಖಣದ ಮೇಲೆ ಹಾಸಲು ಒಳಮಗ್ಗುಲು ಹೊರಗೆ ಮಾಡಿದಳು.

ಮಗ್ಗುಲಿನ ಉದ್ದಕ್ಕೂ ಒಂದೇ ಹೊಲಿಗೆ ಇರಲಿಲ್ಲ. ಕಂದು ಹೊಲಿಗೆಯ ಒಳಗೆ ಬಿಳಿ ದಾರದ ಹೊಲಿಗೆ, ಬಿಳಿಯ ಒಳಗೆ ಹಸಿರು, ಹಸಿರಿನ ಒಳಗೆ ಕಪ್ಪು. ಒಂದೊಂದೂ ಹಿಂದಿನದಕ್ಕಿಂತ ಒಂದು ಬೆರಳು ಒಳಕ್ಕೆ. ಇನ್ನೊಂದು ಮಗ್ಗುಲಿಗೂ ಹಾಗೆಯೇ.

ತನ್ನ ಬಟ್ಟೆಯ ರಿಪೇರಿಗೆಂದು ಸೋನಾಬಾಯಿ ಯಾವತ್ತೂ ದಾರ ಬದಲಿಸಿದವಳಲ್ಲ. ಮಂದಿಯದು ಹೊಲಿಯುವಾಗ ಮಿಷಿನ್ನಿನಲ್ಲಿ ಯಾವುದಿತ್ತೋ ಅದರಲ್ಲೇ ಹೊಡೆದುಕೊಳ್ಳುತ್ತಿದ್ದಳು. ಬಿಳಿ ಎಂದರೆ ಶಾಲೆ ಶುರುವಾಗಿ ಮಕ್ಕಳ ಅಂಗಿಗಳನ್ನು ಹೊಲಿದ ಮುಂಗಾರು. ಮಿಷಿನ್ನಿನ ಜೊತೆ ಮಾತು ಶುರುವಾದದ್ದೂ ಆಗಲೇ. ಹಸಿರು ಎಂದರೆ ದೀಪಾವಳಿ, ಆಯಿಯ ಮೊಮ್ಮಗಳ ಜಂಪರು ಹೊಲಿದದ್ದು. ಕಪ್ಪು ಎಂದರೆ ಸಂಕ್ರಾಂತಿ, ಹಬ್ಬಕ್ಕೆ ಓಣಿಯವರು ತೊಡುವ ಕಪ್ಪು ಜಂಪರುಗಳನ್ನು ಹೊಲಿದದ್ದು. ಅಷ್ಟು ಕಾಲದಿಂದ ಅತ್ತೆಯ ಮೈ ಕರಗುತ್ತ ಬಂದಿತ್ತು, ಕರಗಿದಷ್ಟೂ ಅವಳು ಒಳಗೆ ಹೊಲಿದುಕೊಳ್ಳುತ್ತ ಬಂದಿದ್ದಳು.

*

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸೋನಾಬಾಯಿ ನೀರಿನ ಹಂಡೆಯ ಬಳಿ ಕುಸಿದಳು. ಮಿರಜಿನ ಆಸ್ಪತ್ರೆಗೆ ಒಯ್ದರು. ಹೊಟ್ಟೆಯಲ್ಲಿ ಗಂಟಿದೆ, ತಡವಾಗಿದೆ ಎಂದ ಡಾಕ್ಟರು, ಯಾವಾಗಿನಿಂದ ಮೈ ಇಳಿಯಲು ಹತ್ತಿದೆ ಎಂದು ಕೇಳಿದರು. ಭೀಮಗೊಂಡರು ಮಗನ ಮುಖ ನೋಡಿದರು, ಶ್ರೀಪಾಲ ಹೆಂಡತಿಯ ಮುಖ ನೋಡಿದ.

“ಇಳದಿಲ್ರಿ. ಜಂಪರೆಲ್ಲಾ ಮೈಗೆ ಸರಿಯಾಗೇ ಕುಂಡ್ರತಾವ” ಎಂದು ಚಂದ್ರಮತಿ ಖಾತ್ರಿಯಾಗಿ ಹೇಳಿದ್ದಳು.

ಹಾಸಿಗೆಯ ಮೇಲಿದ್ದ ಸೋನಾಬಾಯಿ ಆಗ ಸೊಸೆಯನ್ನು ನೋಡಿ ಸಣ್ಣಗೆ ನಕ್ಕಿದ್ದಳು. ನೋವಿನಲ್ಲೂ ನಗುತ್ತಾರಲ್ಲ ಎಂದುಕೊಂಡಿದ್ದಳು ಚಂದ್ರಮತಿ.

*

ಕಪ್ಪು ಹೊಲಿಗೆಯ ಒಳಗೆ ಇನ್ನೊಂದು ಸಾಲು ಇತ್ತು. ಅದು ಮಿಷಿನ್ನಿನದಲ್ಲ. ಕೈಯಿಂದ ಹಾಕಿದ ಡೊಂಕು ಡೊಂಕು ಟಾಕೆ, ಹಳದಿ ದಾರದ್ದು.

ಆ ಹಳದಿ ದಾರವನ್ನು ಚಂದ್ರಮತಿ ಗುರುತು ಹಿಡಿದಳು. ಉಗಾದಿಯ ಹಿಂದೆ ಮುಂದೆ ಒಂದು ಮಧ್ಯಾಹ್ನ ಅತ್ತೆ ಹಾಸಿಗೆಯಿಂದ ಕರೆದು, ಗುಂಡಿ ಕಿತ್ತಿದೆ, ಸೂಜಿಗೆ ದಾರ ಪೋಣಿಸಿ ಕೊಡು, ಕಣ್ಣು ಕಾಣುವುದಿಲ್ಲ ಎಂದಿದ್ದಳು. ನಾನೇ ಹಚ್ಚಿ ಕೊಡುತ್ತೇನೆ ಎಂದರೆ ಬೇಡ ಎಂದಿದ್ದಳು. ಆ ‘ಬೇಡ’ಕ್ಕೂ ಇವಳಿಗೆ ಸಿಟ್ಟು ಬಂದಿತ್ತು. ಕೈಗೆ ಸಿಕ್ಕ ಹಳದಿ ದಾರವನ್ನು ಪೋಣಿಸಿ ಕೊಟ್ಟು ಒಲೆಯ ಕಡೆ ನಡೆದಿದ್ದಳು. ಆ ದಿನಗಳಲ್ಲಿ ನೋಡಲು ಬರುವ ಮಂದಿ ಬಹಳ. ಅವರೆದುರು ಜಂಪರು ಜೋತಾಡಬಾರದು ಅನಿಸಿತ್ತೇನೋ ಸೋನಾಬಾಯಿಗೆ.

ಬೆಳಿಗ್ಗೆಯಿಂದ ಅಳದ ಚಂದ್ರಮತಿ ಆ ಜಂಪರನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಒಂದೇ ಮನೆಯಲ್ಲಿದ್ದು, ಒಂದೇ ಹಗ್ಗದ ಮೇಲೆ ಬಟ್ಟೆ ಒಣಹಾಕಿ, ತನಗೆ ಇದು ಕಾಣಲಿಲ್ಲವಲ್ಲ ಎಂದು ಅತ್ತಳು. ನಡುಮನೆಯಿಂದ ಆಯಿ ಕೂಗಿ, ಕೈಗಳು ಬಿಗಿಯುತ್ತಿವೆ ಎಂದಳು. ಅವಳು ಮೂಗು ಒರೆಸಿಕೊಂಡು ಕತ್ತರಿ ಹಿಡಿದಳು.

ಕಾಲು ಆಡಿಸಿದೊಡನೆ ಮಿಷಿನ್ನು ಒಮ್ಮೆ ತಡವರಿಸಿ, ಆಮೇಲೆ ಓಡತೊಡಗಿತು. ಆ ಸದ್ದಿಗೆ ನಡುಮನೆಯ ಅಳು ನಿಂತಿತು. ಹೊರಗೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ಭೀಮಗೊಂಡರು ಚಟ್ಟನೆ ಎದ್ದು ಒಳಗೆ ಬಂದರು. ಆ ಸದ್ದು ಇರುವವರೆಗೆ ಆಕೆ ಮನೆಯಲ್ಲಿದ್ದಾಳೆ ಎಂದು ತಿಳಿದು ಬಾಳಿದವರು ಅವರು. ಬಾಗಿಲಲ್ಲಿ ನಿಂತು, ಮಿಷಿನ್ನಿನ ಮುಂದೆ ಕುಳಿತ ಬೆನ್ನನ್ನು ಬಹಳ ಹೊತ್ತು ನೋಡಿದರು.

“ಹೊಲಿ ಯವ್ವಾ” ಎಂದು, ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು.

ಖಣದ ಅಂಚು ತೋಳಿಗೆ ಬಂತು. ಹೊಲಿಗೆ ಕೆಲವೆಡೆ ಡೊಂಕಾಯಿತು, ಆದರೆ ಒಂದು ಕಡೆಯೂ ದಾರ ತಪ್ಪಲಿಲ್ಲ. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಚಂದ್ರಮತಿ ಜಂಪರನ್ನು ತಂದು ಅತ್ತೆಯ ಪಕ್ಕ ಕುಳಿತಳು. ಆಯಿ ಅದನ್ನು ತಿರುವಿ ನೋಡಿದಳು. ಹೊಲಿಗೆ ಹಳದಿ ಸಾಲಿನ ಅಳತೆಗೆ ಇತ್ತು. ಬಟ್ಟೆ ಮಾತ್ರ ಮೊದಲಿನ ಕಂದು ಸಾಲನ್ನೂ ದಾಟಿ, ಅದರಾಚೆ ಎರಡು ಬೆರಳಿನವರೆಗೆ ಮಗ್ಗುಲಲ್ಲಿ ಹಾಗೇ ಉಳಿದಿತ್ತು.

“ಇಷ್ಟ ಅರಿಬಿ ಯಾಕ ಬಿಟ್ಟೀ ಒಳಗ? ಸುಟ್ಟ ಹೋಗೂದಕ್ಕ? ಕತ್ತರಸ ಒಗಿ.”

“ಇರ್ಲಿ ಬಿಡ್ರಿ ಆಯಿ. ಮೈ ತುಂಬಿದ್ರ ಬಿಚ್ಚಾಕ ಬೇಕಾಗತೈತಿ.”

ಆಯಿ ಜಂಪರನ್ನು ಅವಳ ಕೈಗೆ ಮರಳಿಸಿದಳು. ಬಿಗಿಯುತ್ತಿದ್ದ ತೋಳುಗಳನ್ನು ಇಬ್ಬರೂ ಮೆಲ್ಲಗೆ ಬಗ್ಗಿಸಿ ಜಂಪರು ತೊಡಿಸಿದರು. ಅದು ನಿರಿಗೆಯಿಲ್ಲದೆ ಮೈಗೆ ಕುಳಿತಿತು. ಚಂದ್ರಮತಿ ಒಳಗೆ ಕೈ ತೂರಿಸಿ, ಮಗ್ಗುಲಿನ ಆ ಬಟ್ಟೆ ಪಕ್ಕೆಯ ಎಲುಬಿಗೆ ಒತ್ತದಂತೆ ಹೆಬ್ಬೆರಳಿನಿಂದ ಸವರಿ ಸವರಿ ಮಡಿಸಿದಳು. ಆಮೇಲೆ ಒಂದೊಂದಾಗಿ ಕೊಂಡಿ ಹಾಕಿದಳು.